ಅಟ್ಟದ ಕೆಳಗೊಂದು ಲೇಸರ್

"ಇದೆಲ್ಲ ನೀವೇ ಕೈಯಲ್ಲಿ ಮಾಡಿದ್ದಾ?"

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಭಾನುವಾರದ ಸಂತೆಯಲ್ಲಿ ನನ್ನ ಮೇಜಿನ ಮುಂದೆ ನಿಂತ ಹೆಂಗಸೊಬ್ಬರು ಒಂದು ಜೊತೆ ಓಲೆಯನ್ನು ಬೆಳಕಿಗೆ ಹಿಡಿದು ಹೀಗೆ ಕೇಳಿದರು. ತೆಂಗಿನ ಚಿಪ್ಪಿನ ಓಲೆ ಅದು. ಹುರಿದ ಕಾಫಿ ಬೀಜದ ಬಣ್ಣ, ಬೆರಳು ಆಡಿಸಿದರೆ ಜಾರುವಷ್ಟು ನಯವಾದ ಅಂಚು, ನಡುವೆ ಒಂದು ಪುಟ್ಟ ಚುಕ್ಕಿ ರಂಗೋಲಿ.

"ಹೌದು ಮೇಡಂ, ನಾನೇ" ಅಂದೆ.

ಅವರು ಎರಡು ಜೊತೆ ತಗೊಂಡರು, ಸ್ಕ್ಯಾನ್ ಮಾಡಿ ದುಡ್ಡು ಹಾಕಿದರು, ಹೊರಟರು. ನನ್ನ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ನಮ್ಮ ಸೋದರತ್ತೆ ಏನೂ ಮಾತಾಡಲಿಲ್ಲ. ತಲೆ ತಗ್ಗಿಸಿ ಇನ್ನೊಂದು ಓಲೆಗೆ ಎಣ್ಣೆ ಸವರುತ್ತಾ ಇದ್ದರು. ಆ "ನಾನೇ" ಅನ್ನುವ ಮಾತು ಆಮೇಲೆ ನನ್ನನ್ನು ಎಷ್ಟು ದಿನ ಕಾಡಿತು ಅಂತ ಹೇಳಬೇಕಾದರೆ ಮೊದಲಿಂದ ಶುರು ಮಾಡಬೇಕು.

ಚಿಪ್ಪಿನ ರಾಶಿ

ನಮ್ಮೂರು ತಿಪಟೂರು ತಾಲ್ಲೂಕು, ನೊಣವಿನಕೆರೆಯಿಂದ ತುರುವೇಕೆರೆ ಕಡೆ ಹೋಗುವ ದಾರಿಯಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕಿನಲ್ಲಿ ಯಾವ ಕಡೆ ತಿರುಗಿದರೂ ತೆಂಗು. ಬೇರೆ ಕಡೆ ತೆಂಗಿನಕಾಯಿ ಕಿತ್ತ ಕೂಡಲೇ ಮಾರುತ್ತಾರೆ, ಇಲ್ಲವೇ ಒಡೆದು ಬಿಸಿಲಿಗೆ ಒಣಗಿಸಿ ಎಣ್ಣೆ ಗಾಣಕ್ಕೆ ಕಳಿಸುತ್ತಾರೆ. ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಡಬೇಕು. ಒಳಗಿನ ನೀರು ನಿಧಾನಕ್ಕೆ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದೆ. ಆಗ ಸುಲಿದು, ಉಂಡೆಗೆ ಪೆಟ್ಟು ಬೀಳದ ಹಾಗೆ ಚಿಪ್ಪು ಮಾತ್ರ ಒಡೆದು ತೆಗೆಯಬೇಕು. ಮಚ್ಚಿನ ಹಿಂಬದಿಯಿಂದ ನಾಲ್ಕು ಏಟು, ಚಿಪ್ಪು ಹೋಳಾಗಿ ಬೀಳುತ್ತದೆ, ಉಂಡೆ ಇಡಿಯಾಗಿ ಕೈಗೆ ಬರುತ್ತದೆ. ನೋಡಲು ಸುಲಭ. ನಾನು ಒಡೆದರೆ ಹತ್ತರಲ್ಲಿ ಆರು ಹೋಳು.

ಆ ಉಂಡೆಗಳು ತಿಪಟೂರು ಮಾರುಕಟ್ಟೆಗೆ, ಅಲ್ಲಿಂದ ಹೆಚ್ಚಿನ ಪಾಲು ಉತ್ತರ ಭಾರತಕ್ಕೆ ಹೋಗುತ್ತವೆ. ಮನೆ ಹಿಂದೆ ಉಳಿಯುವುದು ಚಿಪ್ಪಿನ ರಾಶಿ. ಕರಾವಳಿಯವರು ಕರಟ ಅನ್ನುತ್ತಾರಲ್ಲ, ಅದೇ. ವರ್ಷಕ್ಕೊಮ್ಮೆ ಇದ್ದಿಲಿನವರು ಬಂದು ಮೂಟೆ ಲೆಕ್ಕದಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಆ ಇದ್ದಿಲಿನಿಂದ ಆಗುವ ಆಕ್ಟಿವೇಟೆಡ್ ಕಾರ್ಬನ್ ನಿಮ್ಮ ಮನೆಯ ವಾಟರ್ ಫಿಲ್ಟರಿನಲ್ಲೂ ಇರಬಹುದು. ಇನ್ನೊಂದು ಮಜಾ ಏನೆಂದರೆ, ಚಿನ್ನದ ಗಣಿಗಳಲ್ಲಿ ದ್ರಾವಣದಲ್ಲಿ ಕರಗಿದ ಚಿನ್ನವನ್ನು ಹೀರಿ ತೆಗೆಯುವುದಕ್ಕೂ ಇದೇ ತೆಂಗಿನ ಚಿಪ್ಪಿನ ಕಾರ್ಬನ್ ಬಳಸುತ್ತಾರೆ. ಅಂದರೆ ನಮ್ಮ ಚಿಪ್ಪು ಒಡವೆ ಲೋಕಕ್ಕೆ ನನಗಿಂತ ಮೊದಲೇ ಕಾಲಿಟ್ಟಿತ್ತು!

ಮನೆಯಲ್ಲಿ ಚಿಪ್ಪಿನ ಮೇಲೆ ಪ್ರೀತಿ ಇದ್ದದ್ದು ಅತ್ತೆಗೆ ಮಾತ್ರ. ಮಾವ ತೀರಿಹೋದ ಮೇಲೆ ತವರಿಗೆ ಬಂದವರು, ಇಪ್ಪತ್ತು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ. ಕೊಬ್ಬರಿ ಒಡೆಯುವಾಗ ಒಳ್ಳೆಯ ಚಿಪ್ಪು ಕಂಡರೆ ಪಕ್ಕಕ್ಕೆ ಎತ್ತಿಡುತ್ತಿದ್ದರು. ಮಧ್ಯಾಹ್ನ ಗರಗಸದ ಬ್ಲೇಡಿನ ತುಂಡಿನಲ್ಲಿ ಅದನ್ನು ಕುಯ್ದು, ಒಡೆದ ಗಾಜಿನ ಚೂರಿನಲ್ಲಿ ಹೆರೆದು, ಬಿದಿರಿನ ಹಿಡಿ ಹಾಕಿ ಸೌಟು ಮಾಡುತ್ತಿದ್ದರು. ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಮಜ್ಜಿಗೆ ಬಡಿಸುವುದು ಅತ್ತೆಯ ಸೌಟಿನಲ್ಲೇ. ದುಡ್ಡು ತಗೊಂಡಿದ್ದು ನಾನು ನೋಡಿಲ್ಲ.

ಮಿಷಿನ್ ಬಂತು

ನಾನು ತುಮಕೂರಿನಲ್ಲಿ ಬಿ.ಇ. ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೆ ಲಾಕ್‌ಡೌನ್ ಬಂತು. ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಬಂದವಳು, ಕಂಪನಿ ವಾರಕ್ಕೆ ಎರಡು ದಿನ ಆಫೀಸ್ ಅಂದಾಗಲೂ ಪೂರ್ತಿ ವಾಪಸ್ ಹೋಗಲಿಲ್ಲ. ತಿಪಟೂರಿನಿಂದ ಯಶವಂತಪುರಕ್ಕೆ ರೈಲಿದೆ, ಸಾಕು.

2022ರಲ್ಲಿ ಗೆಳತಿಯೊಬ್ಬಳ ಜೊತೆ ಬೆಂಗಳೂರಿನ ಒಂದು ಮೇಕರ್ ಸ್ಪೇಸ್‌ಗೆ ಹೋಗಿದ್ದೆ. ಅಲ್ಲಿ ಒಂದು ಲೇಸರ್ ಕಟರ್ ಪ್ಲೈವುಡ್ಡಿನಲ್ಲಿ ಎಲೆಯ ಆಕಾರ ಕತ್ತರಿಸುತ್ತಿತ್ತು. ನರನರವೂ ಸ್ಪಷ್ಟ. ನನಗೆ ತಟ್ಟನೆ ನೆನಪಾಗಿದ್ದು ಮನೆ ಹಿಂದಿನ ರಾಶಿ. ಮೂರು ತಿಂಗಳು ಯೋಚನೆ ಮಾಡಿ, ಉಳಿತಾಯ ಒಡೆದು, ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ಲಕ್ಷ ಕೊಟ್ಟು 40 ವ್ಯಾಟಿನ ಒಂದು ಚಿಕ್ಕ ಮಿಷಿನ್ ತರಿಸಿಯೇಬಿಟ್ಟೆ.

ಅದನ್ನು ಇಟ್ಟಿದ್ದು ಅಟ್ಟದ ಕೆಳಗಿನ ಕೋಣೆಯಲ್ಲಿ. ಮನೆಯಲ್ಲಿ ಖಾಲಿ ಇದ್ದ ಕೋಣೆ ಅದೊಂದೇ. ಈ ಮಾತು ನೆನಪಿಟ್ಟುಕೊಳ್ಳಿ.

ಮಿಷಿನ್ ಹೇಗೆ ಕೆಲಸ ಮಾಡುತ್ತೆ ಅಂತ ಒಂದು ಮಾತು. ಉದ್ದನೆಯ ಗಾಜಿನ ಕೊಳವೆಯೊಳಗೆ ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ಹೀಲಿಯಂ ಬೆರೆತ ಅನಿಲ ಇರುತ್ತದೆ. ಅದಕ್ಕೆ ಸಾವಿರಾರು ವೋಲ್ಟ್ ವಿದ್ಯುತ್ ಕೊಟ್ಟರೆ ಒಂದು ಕಿರಣ ಹೊರಡುತ್ತದೆ. ಅದರ ತರಂಗಾಂತರ 10.6 ಮೈಕ್ರೋಮೀಟರ್. ನಮ್ಮ ಕಣ್ಣಿಗೆ ಕಾಣುವುದು 0.4ರಿಂದ 0.7 ಮೈಕ್ರೋಮೀಟರ್ ಮಾತ್ರ, ಹಾಗಾಗಿ ಇದು ಕಾಣುವುದೇ ಇಲ್ಲ. ಮೂರು ಕನ್ನಡಿಗಳ ಮೇಲೆ ಬಡಿದು, ಕೊನೆಗೆ ಒಂದು ಲೆನ್ಸಿನಲ್ಲಿ ಹಾದು ಸೂಜಿಮೊನೆಯಷ್ಟು ಜಾಗದಲ್ಲಿ ಸೇರುತ್ತದೆ. ಮರ, ಚಿಪ್ಪು, ಅಕ್ರಿಲಿಕ್ ಇವೆಲ್ಲ ಈ ತರಂಗಾಂತರವನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಅಷ್ಟು ಜಾಗ ಸುಟ್ಟು ಆವಿಯಾಗುತ್ತದೆ. ಈ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಸಿ. ಕುಮಾರ್ ಪಟೇಲ್. ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ, ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಈ ವಿಷಯ ಗೊತ್ತಾಗಿದ್ದು ಮಿಷಿನ್ ಕೊಂಡ ಮೇಲೆ!

ದುಂಡಗಿನ ಸಮಸ್ಯೆ

ಮೊದಲ ವಾರ ಪ್ಲೈವುಡ್ ಕತ್ತರಿಸಿ ಬೀಗಿದೆ. ಎರಡನೇ ವಾರ ಚಿಪ್ಪು ಇಟ್ಟೆ. ನಡುವೆ ಚೆನ್ನಾಗಿ ಕುಯ್ಯಿತು, ಅಂಚಿಗೆ ಹೋಗುತ್ತಾ ಹೋಗುತ್ತಾ ಗೆರೆ ದಪ್ಪಗಾಗಿ, ಸುಟ್ಟು ಕಪ್ಪಾಗಿ, ಕೊನೆಗೆ ಕುಯ್ಯಲೇ ಇಲ್ಲ.

ಕಾರಣ ಸರಳ. ಲೇಸರಿಗೆ ಮಟ್ಟಸ ಜಾಗ ಬೇಕು. ಲೆನ್ಸಿನಿಂದ ಇಷ್ಟೇ ದೂರದಲ್ಲಿ ಕಿರಣ ಸೇರುತ್ತದೆ. ಒಂದು ಎರಡು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಆದರೆ ಇಲ್ಲ. ಚಿಪ್ಪೋ, ದುಂಡಗೆ. ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಚಿಪ್ಪನ್ನು 10 ಸೆಂಟಿಮೀಟರ್ ಅಡ್ಡಳತೆಯ ಚೆಂಡು ಅಂತ ಇಟ್ಟುಕೊಳ್ಳಿ. ಅದರಲ್ಲಿ 4 ಸೆಂಟಿಮೀಟರ್ ಅಗಲದ ತುಂಡು ತಗೊಂಡರೆ ನಡುವಿಗೂ ಅಂಚಿಗೂ 4 ಮಿಲಿಮೀಟರ್‌ಗಿಂತ ಹೆಚ್ಚು ಏರುಪೇರು. ಅದೇ 2 ಸೆಂಟಿಮೀಟರ್ ತುಂಡಾದರೆ ಬರೀ 1 ಮಿಲಿಮೀಟರ್. ಅಗಲ ಅರ್ಧ ಮಾಡಿದರೆ ಏರುಪೇರು ಕಾಲುಭಾಗಕ್ಕೆ ಇಳಿಯುತ್ತದೆ. ದೊಡ್ಡ ಪದಕದ ಆಸೆ ಬಿಟ್ಟು ಸಣ್ಣ ಓಲೆಗೆ ಇಳಿದಿದ್ದು ಹೀಗೆ, ಪೂರ್ತಿ ರೇಖಾಗಣಿತದ ಒತ್ತಾಯಕ್ಕೆ.

ಆದರೂ ತುಂಡು ಮಟ್ಟಸವಾಗಿ ಕೂರಬೇಕಲ್ಲ? ಬೆನ್ನು ಉಬ್ಬಿದ ಚೂರು ಮೇಜಿನ ಮೇಲೆ ತೊಟ್ಟಿಲ ಹಾಗೆ ತೂಗುತ್ತದೆ. ಡಬಲ್ ಟೇಪ್ ಹಾಕಿದೆ, ಜೇಡಿಮಣ್ಣು ಹಾಕಿದೆ, ತ್ರೀಡಿ ಪ್ರಿಂಟ್ ಮಾಡಿಸಿದ ಅಚ್ಚೊಂದನ್ನೂ ತರಿಸಿದೆ. ಒಂದೊಂದು ಚಿಪ್ಪಿನ ಉಬ್ಬು ಒಂದೊಂದು ಥರ, ಯಾವ ಅಚ್ಚು ತಾನೇ ಹೊಂದುತ್ತದೆ?

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಕೇಳಿದರು: "ಅಲ್ಲ ಕಣವ್ವಾ, ಮಡಕೆ ನಿಲ್ಲಿಸೋಕೆ ಏನು ಮಾಡ್ತೀವಿ?"

"ಸಿಂಬಿ ಇಡ್ತೀವಿ."

"ಸಿಂಬಿ ಇಲ್ಲದಿದ್ರೆ?"

"ಮರಳು."

"ಮತ್ತೆ?"

ಒಂದು ಹಳೇ ಸ್ಟೀಲ್ ತಟ್ಟೆ ತುಂಬ ಜರಡಿ ಹಿಡಿದ ಮರಳು. ಚಿಪ್ಪಿನ ಚೂರನ್ನು ಅದರೊಳಗೆ ಒತ್ತಿ ಕೂರಿಸಿದರೆ ಹೇಗೆ ಬೇಕೋ ಹಾಗೆ ನಿಲ್ಲುತ್ತದೆ. ಮರಳಿಗೆ ಬೆಂಕಿಯ ಭಯವೂ ಇಲ್ಲ. ಎರಡು ತಿಂಗಳ ಒದ್ದಾಟ ಎರಡು ನಿಮಿಷದಲ್ಲಿ ಮುಗಿಯಿತು. ಈಗಲೂ ನಮ್ಮ ಮಿಷಿನ್ನಿನಲ್ಲಿ ಇರುವುದು ಅದೇ ತಟ್ಟೆ.

ಯಾವ ಚಿಪ್ಪು ಆಗುತ್ತದೆ, ಯಾವುದು ಆಗಲ್ಲ ಅನ್ನುವುದೂ ಅತ್ತೆ ಹೇಳಿಕೊಟ್ಟಿದ್ದೇ. ಹಸಿ ಕಾಯಿಯ ಚಿಪ್ಪು ಒಣಗುವಾಗ ಸೀಳುತ್ತದೆ. ಅಟ್ಟದಲ್ಲಿ ವರ್ಷ ಕಳೆದ ಚಿಪ್ಪಾದರೆ ಬಿರುಕು ಬಿಡುವುದೆಲ್ಲ ಮೊದಲೇ ಬಿಟ್ಟಾಗಿರುತ್ತದೆ. ಉಗುರಿನಿಂದ ತಟ್ಟಿ ಕಿವಿಗಿಟ್ಟುಕೊಂಡು ನೋಡುತ್ತಾರೆ. ಟಣ್ ಅಂದರೆ ಒಳಕ್ಕೆ, ಬೊದ್ ಅಂದರೆ ಒಲೆಗೆ.

ಅರಳಗುಪ್ಪೆಯಿಂದ ಅಂಗಳಕ್ಕೆ

ಡಿಸೈನ್ ವಿಷಯದಲ್ಲಿ ನನ್ನ ಆಸೆ ದೊಡ್ಡದಿತ್ತು. ನಮ್ಮ ತಾಲ್ಲೂಕಿನ ಅರಳಗುಪ್ಪೆಯಲ್ಲಿ ಎರಡು ಹಳೇ ದೇವಸ್ಥಾನ ಇವೆ. ಕಲ್ಲೇಶ್ವರ ದೇವಸ್ಥಾನ 9ನೇ ಶತಮಾನದ್ದು. ಒಳಗೆ ಹೋಗಿ ತಲೆ ಎತ್ತಿದರೆ ಚಾವಣಿಯಲ್ಲಿ ನೃತ್ಯ ಮಾಡುವ ಶಿವ, ಜೊತೆಗೆ ವಾದ್ಯ ನುಡಿಸುವವರು, ಸುತ್ತ ಎಂಟು ದಿಕ್ಕಿನ ದಿಕ್ಪಾಲಕರು. ಹತ್ತಿರದಲ್ಲೇ ಹೊಯ್ಸಳರ ಕಾಲದ ಚೆನ್ನಕೇಶವ ದೇವಸ್ಥಾನ. ಹೊನೋಜ ಅನ್ನುವ ಶಿಲ್ಪಿ ಅಲ್ಲಿ ತನ್ನ ಹೆಸರು ಕೆತ್ತಿ ಹೋಗಿದ್ದಾನೆ. ಫೋನಿನಲ್ಲಿ ನೂರಾರು ಫೋಟೊ ತೆಗೆದು, ಇಂಕ್‌ಸ್ಕೇಪಿನಲ್ಲಿ ಗೆರೆ ಎಳೆದು, ಶಿವನನ್ನು 2 ಸೆಂಟಿಮೀಟರ್ ಚಿಪ್ಪಿಗೆ ಇಳಿಸಲು ಹೊರಟೆ.

ಕಲ್ಲಿನಲ್ಲಿ ನಿಂತದ್ದು ಚಿಪ್ಪಿನಲ್ಲಿ ನಿಲ್ಲಲಿಲ್ಲ. ಶಿವನ ಕೈ ಒಂದು ಮಿಲಿಮೀಟರ್‌ಗಿಂತ ಸಣ್ಣ ಎಳೆ ಆಯಿತು, ಮುಟ್ಟಿದರೆ ಮುರಿಯಿತು. ಕೆತ್ತನೆ ಅಷ್ಟೇ ಮಾಡೋಣ ಅಂದರೆ ಅಷ್ಟು ಸಣ್ಣ ಜಾಗದಲ್ಲಿ ಎಲ್ಲ ಸೇರಿ ಮಸಿ ಮೆತ್ತಿದ ಹಾಗೆ ಕಂಡಿತು.

ಒಂದು ಬೆಳಗ್ಗೆ ಮೀಟಿಂಗ್ ಮುಗಿಸಿ ಹೊರಗೆ ಬಂದರೆ ಅತ್ತೆ ಅಂಗಳದಲ್ಲಿ ಬಾಗಿ ರಂಗೋಲಿ ಬಿಡುತ್ತಿದ್ದರು. ಐದು ಚುಕ್ಕಿ, ನಡುವೆ ಮೂರು, ಒಂದು. ಕೈ ಎತ್ತದೆ ಒಂದೇ ಎಳೆಯಲ್ಲಿ ಚುಕ್ಕಿಗಳನ್ನೆಲ್ಲ ಸುತ್ತಿ ಶುರುವಾದ ಜಾಗಕ್ಕೇ ಬಂದು ನಿಂತರು. ದಿನಾ ನೋಡಿದ್ದೇ. ಆದರೆ ಅವತ್ತು ನನ್ನ ಕಣ್ಣಿಗೆ ಬೇರೆ ಥರ ಕಂಡಿತು. ಲೇಸರಿಗೆ ಬೇಕಾಗಿದ್ದೂ ಇದೇ ಅಲ್ಲವಾ? ಎಲ್ಲೂ ತುಂಡಾಗದ ಒಂದೇ ಗೆರೆ, ಒಂದೇ ದಪ್ಪ, ಎಳೆಗೂ ಎಳೆಗೂ ನಡುವೆ ಸಾಕಷ್ಟು ಜಾಗ.

ಅತ್ತೆಗೆ ಬರುವ ಚುಕ್ಕಿ ರಂಗೋಲಿಗಳನ್ನೆಲ್ಲ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡೆ. ಮೂವತ್ತೆರಡು ಆದವು. ಅದರಲ್ಲಿ ಹನ್ನೊಂದು ಚಿಪ್ಪಿಗೆ ಹೊಂದಿದವು. ಸುತ್ತ ಕತ್ತರಿಸುವುದು, ಒಳಗೆ ರಂಗೋಲಿ ತೆಳ್ಳಗೆ ಕೆತ್ತುವುದು, ಮೇಲೆ ಕೊಕ್ಕೆಗೆ ಒಂದು ತೂತು. ಡಿಸೈನ್ ಅಂದರೆ ಇಷ್ಟೇ.

ಓಲೆ ಅನ್ನುವ ಪದದ ಬಗ್ಗೆಯೂ ಆಗಲೇ ಯೋಚನೆ ಬಂದಿದ್ದು. ಓಲೆ ಅಂದರೆ ತಾಳೆಗರಿ. ಆ ಗರಿಯನ್ನೇ ಸುರುಳಿ ಸುತ್ತಿ ಕಿವಿಯ ತೂತಿಗೆ ಹಾಕಿಕೊಳ್ಳುತ್ತಿದ್ದ ಕಾಲದಿಂದ ಕಿವಿಯ ಒಡವೆಗೂ ಅದೇ ಹೆಸರು ಉಳಿಯಿತು. ಆಮೇಲೆ ಚಿನ್ನ ಬಂತು, ವಜ್ರ ಬಂತು, ಹೆಸರು ಮಾತ್ರ ಗರಿಯದ್ದೇ. ತೆಂಗೂ ತಾಳೆಯ ಬಳಗದ್ದೇ ತಾನೇ. ಚಿಪ್ಪಿನ ಓಲೆ ಹೊಸ ಫ್ಯಾಷನ್ ಅಂತ ಯಾರಾದರೂ ಅಂದರೆ ಈಗ ನಾನು ನಗುತ್ತೇನೆ.

ಹತ್ತು ನಿಮಿಷ

ಈಗ ಹೇಳಲು ಕಷ್ಟವಾದ ಭಾಗ.

2023ರ ಆಗಸ್ಟ್. ಅಟ್ಟದಲ್ಲಿ ಸುಮಾರು 10 ಸಾವಿರ ಕಾಯಿ ಇತ್ತು. ಕೊಬ್ಬರಿ ಆಗಿ ನಿಂತಿತ್ತು, ಅಪ್ಪ ಮಾರಿರಲಿಲ್ಲ. ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು 8 ಸಾವಿರದ ಆಸುಪಾಸು. ರೈತರು ತಿಪಟೂರಿನಲ್ಲಿ ಧರಣಿ ಕೂತಿದ್ದರು. ಅಪ್ಪ ಪ್ರತಿ ದಿನ ರೇಟು ಕೇಳೋದು, "ಇನ್ನೊಂದ್ ವಾರ ನೋಡಾನ" ಅನ್ನೋದು.

ಅವತ್ತು ಮಧ್ಯಾಹ್ನ ಇಪ್ಪತ್ತು ಜೊತೆ ಓಲೆಯ ಆರ್ಡರ್ ಇತ್ತು. ಮಿಷಿನ್ ಓಡುತ್ತಿತ್ತು. ಫೋನ್ ಬಂತು, ಟೀಮಿನ ಕಾಲ್. ಹತ್ತೇ ನಿಮಿಷ ಅಂತ ಪಕ್ಕದ ಕೋಣೆಗೆ ಹೋದೆ.

ಕುಯ್ಯುವ ಜಾಗಕ್ಕೆ ಗಾಳಿ ಊದುವ ಒಂದು ಸಣ್ಣ ಪೈಪ್ ಇರುತ್ತದೆ. ಹೊಗೆಯನ್ನು ತಳ್ಳುವುದು, ಜ್ವಾಲೆ ಏಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಕಳಚಿಕೊಂಡಿತ್ತು. ಜಾಲರಿಯ ಕೆಳಗೆ ವಾರದಿಂದ ಬಿದ್ದ ಚಿಪ್ಪಿನ ಚೂರು, ಪುಡಿ, ಜಿಡ್ಡು ಮಸಿ, ನಾನು ಗುಡಿಸಿರಲಿಲ್ಲ. ಒಂದು ಚೂರಿಗೆ ಬೆಂಕಿ ಹತ್ತಿ ಕೆಳಗೆ ಬಿದ್ದಿದೆ. ಚಿಪ್ಪಿನ ಬೆಂಕಿ ಎಂಥದ್ದು ಅಂತ ಒಲೆ ಹಚ್ಚಿದವರಿಗೆ ಹೇಳಬೇಕಾಗಿಲ್ಲ.

ವಾಸನೆ ಮೊದಲು ಗೊತ್ತಾಗಿದ್ದು ಹಿತ್ತಲಲ್ಲಿದ್ದ ಅತ್ತೆಗೆ. ನಾನು ಓಡಿ ಬರುವಷ್ಟರಲ್ಲಿ ಮುಚ್ಚಳದ ಕಿಟಕಿ ಕರಗಿ ಜ್ವಾಲೆ ಮೊಳದುದ್ದ ಎದ್ದಿತ್ತು, ಮೇಲಿನ ಅಟ್ಟದ ಹಲಗೆಗೆ ಇನ್ನು ಎರಡು ಮೊಳ ದೂರ. ನಾನು ಬಕೆಟ್ ನೀರಿಗೆ ಕೈ ಹಾಕಿದೆ. ಅತ್ತೆ "ನೀರು ಬ್ಯಾಡ!" ಅಂತ ಕೂಗಿ, ಮೊದಲು ಹೋಗಿ ಮೇನ್ ಸ್ವಿಚ್ ಇಳಿಸಿದರು. ಪಂಪ್‌ಸೆಟ್ಟಿನ ಸ್ಟಾರ್ಟರ್ ಸುಟ್ಟಿದ್ದನ್ನು ನೋಡಿದ್ದವರು, ಕರೆಂಟಿನ ಮೇಲೆ ನೀರು ಹಾಕಬಾರದು ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲೆ ಮರಳಿನ ತಟ್ಟೆ ಎತ್ತಿ ಸುರಿದರು. ಅದರ ಮೇಲೆ ಎರಡು ಗೋಣಿಚೀಲ.

ಬೆಂಕಿ ಆರಿತು. ಹಲಗೆಯ ಮೇಲೆ ಕಪ್ಪು ಮಚ್ಚೆ ಉಳಿಯಿತು, ಈಗಲೂ ಇದೆ. ನನ್ನ ಮಿಷಿನ್ನಿನ ಬೆಲೆ ಒಂದು ಲಕ್ಷ. ಮೇಲಿದ್ದ ಕಾಯಿ ಆವತ್ತಿನ ರೇಟಿಗೂ ಹತ್ತಿರ ಹತ್ತಿರ ಅಷ್ಟೇ. ಆದರೆ ನಂದು ಮೂರು ತಿಂಗಳಿಗೆ ಮತ್ತೆ ಕೂಡಿಬರುವ ದುಡ್ಡು. ಅಪ್ಪಂದು ಒಂದು ವರ್ಷ.

ಸಂಜೆ ತೋಟದಿಂದ ಬಂದ ಅಪ್ಪನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಏಣಿ ಹತ್ತಿ ಅಟ್ಟಕ್ಕೆ ಹೋದರು. ಬಹಳ ಹೊತ್ತು ಇಳಿಯಲಿಲ್ಲ. ಮೇಲಿಂದ ಕಾಯಿ ಅಲ್ಲಾಡಿಸುವ ಸದ್ದು, ಒಂದಾದ ಮೇಲೆ ಒಂದು, ಲೊಟ, ಲೊಟ. ಇಳಿದು ಬಂದು ಕೈ ಕೊಡವಿ ಅಂದದ್ದು ಇಷ್ಟೇ: "ಮಿಷಿನ್ನು ಕೊಟ್ಟಿಗೆಗೆ ಹಾಕ್ಕೊಳವ್ವ. ಹೆಂಗೂ ಹಸ ಇಲ್ಲ ಈಗ."

ಬೈದಿದ್ದರೇ ಚೆನ್ನಾಗಿತ್ತು.

ಮಿಷಿನ್ ರಿಪೇರಿ ಮಾಡಿಸಲು ಎರಡು ತಿಂಗಳು ಹಿಡಿಯಿತು. ಅಪ್ಪ ಆ ಕೊಬ್ಬರಿಯನ್ನು ಮರುವರ್ಷ ಬೆಂಬಲ ಬೆಲೆ ಖರೀದಿ ಶುರುವಾದಾಗ ಕ್ವಿಂಟಲ್‌ಗೆ 12 ಸಾವಿರದಂತೆ ಕೊಟ್ಟರು. ಅದರ ಮುಂದಿನ ವರ್ಷ, 2025ರಲ್ಲಿ, ಮಾರುಕಟ್ಟೆಯಲ್ಲೇ ರೇಟು 20 ಸಾವಿರ ದಾಟಿಕೊಂಡು ಹೋಯಿತು. "ತೆಂಗು ನಂಬ್ದೋರ್ ಹಣೇಬರಾನೇ ಹಿಂಗೆ" ಅಂತ ಅಪ್ಪ ನಕ್ಕರು.

ಯಾರ ಕೈ?

ಈಗ ಮತ್ತೆ ಆ ಸಂತೆಗೆ ಬರೋಣ.

ವಾಪಸ್ ಬರುವಾಗ ಯಶವಂತಪುರದಲ್ಲಿ ರೈಲು ಹತ್ತಿದೆವು. ಅವತ್ತು ವ್ಯಾಪಾರ ಚೆನ್ನಾಗಿತ್ತು, ಮೂವತ್ತೆಂಟು ಜೊತೆ ಹೋಗಿತ್ತು. ಗುಬ್ಬಿ ದಾಟಿದ ಮೇಲೆ, ಕಿಟಕಿಯ ಆಚೆ ನೋಡುತ್ತಾ ಅತ್ತೆ ಕೇಳಿದರು:

"ಕೈಯಲ್ಲೇ ಮಾಡಿದ್ದು ಅಂದ್ಯಲ್ಲ ಆಯಮ್ಮನಿಗೆ. ಯಾರ ಕೈ ಅಂದ್ಕೊಂಡ್ರೋ ಏನೋ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ.

ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮ ಕೆಲಸದಲ್ಲಿ ಯಾವ ಫಂಕ್ಷನ್ ಎಷ್ಟು ಸಮಯ ತಿನ್ನುತ್ತೆ ಅಂತ ಅಳೆಯುತ್ತೇವಲ್ಲ, ಹಾಗೆ. ಒಂದು ಜೊತೆ ಓಲೆಗೆ ಲೇಸರ್ ತಗೊಳ್ಳುವುದು 2 ನಿಮಿಷ. ಉಳಿದಿದ್ದು? ಚಿಪ್ಪು ಆರಿಸುವುದು, ಒಳಗಿನ ಸಿಪ್ಪೆ ಹೊರಗಿನ ನಾರು ಗಾಜಿನ ಚೂರಿನಲ್ಲಿ ಹೆರೆಯುವುದು, ಕುಯ್ದ ಮೇಲೆ ಅಂಚಿಗೆ ಹತ್ತಿದ ಮಸಿಯನ್ನು ಉಪ್ಪುಕಾಗದದಲ್ಲಿ ಉಜ್ಜುವುದು. ಮೊದಲು ಒರಟು, ಆಮೇಲೆ ನಯ, ಕೊನೆಗೆ ನೀರು ಹಾಕಿ ಇನ್ನೂ ನಯ. ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿ ಹೊಳಪು ತರುವುದು, ಕೊಕ್ಕೆ ಹಾಕುವುದು. 18 ನಿಮಿಷ. ಎಲ್ಲವೂ ಅತ್ತೆ.

ಅಂದರೆ ನೂರಕ್ಕೆ ತೊಂಬತ್ತು ಭಾಗ ಕೈಕೆಲಸವೇ. ಗಿರಾಕಿಗೆ ನಾನು ಹೇಳಿದ "ಹೌದು" ಅಷ್ಟೇನೂ ಸುಳ್ಳಲ್ಲ. ಸುಳ್ಳಾಗಿದ್ದು ಅದರ ಮುಂದಿನ ಮಾತು, "ನಾನೇ".

ಇನ್ನೂ ಕೆಟ್ಟ ಲೆಕ್ಕ ಒಂದಿತ್ತು. ಓಲೆ ಒಂದು ಜೊತೆಗೆ 250 ರೂಪಾಯಿ. ಕೊಕ್ಕೆ, ಕಾರ್ಡು, ಡಬ್ಬಿ ಅಂತ 35 ಹೋದರೆ 215. ಅದರಲ್ಲಿ ಅತ್ತೆಗೆ ನಾನು ಕೊಡುತ್ತಿದ್ದದ್ದು ಜೊತೆಗೆ 10 ರೂಪಾಯಿ. ಅದನ್ನೂ "ಖರ್ಚಿಗೆ ಇಟ್ಕೊಳಿ ಅತ್ತೆ" ಅಂತ ದೊಡ್ಡ ಮನಸ್ಸು ಮಾಡಿದವಳ ಹಾಗೆ ಕೊಡುತ್ತಿದ್ದೆ. ಗಂಟೆಗೆ ಮೂರು ಜೊತೆ ಆಗುತ್ತದೆ. ಗಂಟೆಗೆ 30 ರೂಪಾಯಿ. ಅಪ್ರೈಸಲ್ ಬಂದಾಗ ಎರಡು ಪರ್ಸೆಂಟ್ ಕಮ್ಮಿ ಆಯಿತು ಅಂತ ವಾರಗಟ್ಟಲೆ ಮುಖ ಊದಿಸಿಕೊಳ್ಳುವ ನಾನು, ಮನೆಯೊಳಗೇ ಈ ಕೂಲಿ ಕೊಡುತ್ತಿದ್ದೆ. ಮನೆಯವರು ಅಂದಮಾತ್ರಕ್ಕೆ ಅವರ ಹೊತ್ತಿಗೆ ಬೆಲೆ ಇಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಮಿಷಿನ್ನಿಗೆ ದುಡ್ಡು ಹಾಕಿದ್ದು ನಾನು, ಆರ್ಡರ್ ಹಿಡಿಯುವುದು ನಾನು, ಕೊರಿಯರ್ ಕಳಿಸುವುದು ನಾನು, ಅದಕ್ಕೂ ಒಂದು ಪಾಲು ನ್ಯಾಯವೇ ಅಲ್ಲವಾ ಅಂತ ಮನಸ್ಸು ವಾದ ಹೂಡಿತು. ಸರಿ, ಇರಲಿ. ಆದರೂ ಅರ್ಧಕ್ಕಿಂತ ಜಾಸ್ತಿ ಅಂತೂ ಅಲ್ಲ.

ಬೆಳಗ್ಗೆ ಲೆಕ್ಕದ ಹಾಳೆ ಹಿಡಿದು ಅತ್ತೆಯ ಮುಂದೆ ಕೂತೆ. ಇನ್ನು ಮೇಲೆ ಅರ್ಧ ಅರ್ಧ, ನಿಮ್ಮದು ನಿಮ್ಮ ಖಾತೆಗೇ ಹೋಗುತ್ತೆ ಅಂದೆ. ಅತ್ತೆ ಹಾಳೆಯನ್ನು ನೋಡಲೂ ಇಲ್ಲ.

"ದುಡ್ಡು ಕೊಡು, ಬ್ಯಾಡ ಅನ್ನಲ್ಲ. ಆದ್ರೆ ನಾನು ಅದುಕ್ಕಲ್ಲ ಕೇಳಿದ್ದು."

ಅದು ನನಗೂ ಗೊತ್ತಿತ್ತು. ಎಂಟು ನೂರು ವರ್ಷದ ಹಿಂದೆ ಹೊನೋಜ ಕಲ್ಲಿನಲ್ಲಿ ತನ್ನ ಹೆಸರು ಕೆತ್ತಿದ್ದನ್ನು ಅರಳಗುಪ್ಪೆಯಲ್ಲಿ ಬೆರಳಿಟ್ಟು ನೋಡಿ ಬಂದವಳು ನಾನು. ಮನೆಯ ಅಂಗಳದಲ್ಲಿ ದಿನಾ ಬೆಳಗ್ಗೆ ರಂಗೋಲಿ ಬಿಡುವವರ ಹೆಸರು ಹಾಕಬೇಕು ಅಂತ ಹೊಳೆದಿರಲಿಲ್ಲ.

ಈಗಿನ ಕಾರ್ಡು

ಈಗ ಓಲೆಯ ಜೊತೆ ಹೋಗುವ ಕಾರ್ಡಿನಲ್ಲಿ ಮೂರು ಸಾಲಿದೆ. ಚಿಪ್ಪು, ರಂಗೋಲಿ, ನಯ: ಅತ್ತೆಯ ಹೆಸರು. ಕತ್ತರಿಸಿದ್ದು: ಲೇಸರ್. ಅದನ್ನು ನಡೆಸಿದ್ದು: ನನ್ನ ಹೆಸರು. (ಇಲ್ಲಿ ಅತ್ತೆಯ ಹೆಸರು ಬರೆದಿಲ್ಲ. "ಪೇಪರ್‌ಗೆಲ್ಲ ಹಾಕ್ಬ್ಯಾಡ ಕಣವ್ವ" ಅಂತ ಅಪ್ಪಣೆಯಾಗಿದೆ.) ಲೇಸರ್ ಅಂತ ಬರೆದರೆ ಗಿರಾಕಿಗಳು ಕಮ್ಮಿ ಆಗುತ್ತಾರೆ ಅಂತ ಗೆಳತಿಯರು ಹೆದರಿಸಿದ್ದರು. ಒಬ್ಬಿಬ್ಬರು "ಓ, ಮಿಷಿನ್ನಾ" ಅಂತ ವಾಪಸ್ ಇಟ್ಟಿದ್ದೂ ಉಂಟು. ಹೆಚ್ಚಿನವರು ಯಾವುದು ಮಿಷಿನ್, ಯಾವುದು ಕೈ ಅಂತ ಕೇಳುತ್ತಾರೆ. ಆಗ ಅತ್ತೆ ಸ್ಟೂಲಿನಿಂದ ಎದ್ದು ಬಂದು ತೋರಿಸುತ್ತಾರೆ. ಅವರು ಮಾತಾಡಿದ ದಿನ ವ್ಯಾಪಾರ ಜಾಸ್ತಿ.

ನಿಮ್ಮಲ್ಲಿ ಯಾರಾದರೂ ಇಂಥ ಮಿಷಿನ್ ಕೊಳ್ಳುವ ಯೋಚನೆಯಲ್ಲಿದ್ದರೆ, ಸುಟ್ಟುಕೊಂಡವಳ ಮಾತು ನಾಲ್ಕು ಕೇಳಿ. ಕೊಳ್ಳುವ ಮೊದಲು ಮೇಕರ್ ಸ್ಪೇಸ್‌ನಲ್ಲೋ ಸೈನ್ ಬೋರ್ಡ್ ಮಾಡುವವರ ಹತ್ತಿರವೋ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೈ ಪಳಗಿಸಿಕೊಳ್ಳಿ. ಮುಚ್ಚಳ ತೆರೆದು ಓಡಿಸಬೇಡಿ. ಕಿರಣ ಕಾಣುವುದಿಲ್ಲ, ಕಣ್ಣು ಹೋದರೆ ಗೊತ್ತಾಗುತ್ತದೆ. ಪಿವಿಸಿ ಪ್ಲಾಸ್ಟಿಕ್ ಯಾವತ್ತೂ ಹಾಕಬೇಡಿ, ಅದರ ಹೊಗೆಯಲ್ಲಿ ಬರುವ ಆಮ್ಲ ಮಿಷಿನ್ನನ್ನೂ ನಿಮ್ಮ ಶ್ವಾಸಕೋಶವನ್ನೂ ತಿನ್ನುತ್ತದೆ. ಹೊಗೆ ಹೊರಗೆ ಹೋಗಲು ಸರಿಯಾದ ಫ್ಯಾನ್ ಹಾಕಿಸಿ. ಕರೆಂಟಿನ ಬೆಂಕಿಗೂ ಆಗುವಂಥ ಅಗ್ನಿಶಾಮಕ ಸಿಲಿಂಡರ್ ಒಂದನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮೊದಲು, ಮಿಷಿನ್ ಓಡುವಾಗ ಬಿಟ್ಟು ಹೋಗಬೇಡಿ. ಹತ್ತು ನಿಮಿಷ ಅಲ್ಲ, ಒಂದು ನಿಮಿಷವೂ ಬೇಡ. ಕಾಲ್ ಬಂದರೆ ಬರಲಿ.

ಕೊಟ್ಟಿಗೆಯಲ್ಲಿ ಈಗ ಒಂದು ಕಡೆ ಮಿಷಿನ್, ಇನ್ನೊಂದು ಕಡೆ ಕಿಟಕಿ ಬೆಳಕಿಗೆ ಅತ್ತೆಯ ಮಣೆ. ಅಪ್ಪನೂ ಆಗಾಗ ಬಂದು ನಿಲ್ಲುತ್ತಾರೆ. ಇದ್ದಿಲಿನವರು ಈಗ ಚಿಪ್ಪಿಗೆ ಒಳ್ಳೇ ರೇಟು ಕೊಡುತ್ತಿದ್ದಾರೆ, "ನೀವೂ ನಂಗೆ ಅದೇ ರೇಟು ಕೊಡಿ" ಅಂತ ನಮ್ಮ ಜೊತೆ ಚೌಕಾಸಿ ಮಾಡುತ್ತಾರೆ. ಕೊಡುತ್ತಿದ್ದೇವೆ.

ಹೋದ ತಿಂಗಳು ಒಂದು ಹೊಸ ನಮೂನೆ ಮಾಡಿದೆವು, ಸ್ವಲ್ಪ ಉದ್ದದ್ದು, ಎರಡು ಚೂರು ಜೋಡಿಸಿ ನೇತಾಡುವಂಥ ಲೋಲಾಕು. ನನಗೆ ಬಹಳ ಹಿಡಿಸಿತ್ತು. ಮಾರನೇ ದಿನ ಬೆಳಗ್ಗೆ ಅತ್ತೆ ಅದನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ಇದರ ಕೊಕ್ಕೆ ಬದಲಾಯ್ಸವ್ವ. ಭಾರ ಆಯ್ತದೆ. ಮೊದ್ಲು ಗೊತ್ತಾಗಲ್ಲ, ಸಾಯಂಕಾಲ ಆಗೋ ಹೊತ್ತಿಗೆ ಕಿವಿ ಎಳೀತದೆ."

ಮಾವ ಹೋದ ದಿನದಿಂದ ಅತ್ತೆಯ ಕಿವಿಯಲ್ಲಿ ನಾನು ಏನನ್ನೂ ನೋಡಿಲ್ಲ. ಸಾಯಂಕಾಲಕ್ಕೆ ಎಳೆಯುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಯಿತು ಅಂತ ನಾನು ಕೇಳಲಿಲ್ಲ. ಹಗುರದ ಕೊಕ್ಕೆ ತರಿಸಿದೆ, ಒಂದು ಜೊತೆ ಜಾಸ್ತಿ ಕತ್ತರಿಸಿ ಅವರ ಮಣೆಯ ಪಕ್ಕ ಇಟ್ಟೆ. ಅದು ಲೆಕ್ಕಕ್ಕೆ ಇನ್ನೂ ಬಂದಿಲ್ಲ.